ಎಂಟು ಮೋನೋ ಟ್ರ್ಯಾಕಿನ ಡ್ರಮ್ಸಿಗೆ ನಾನು ಎಡ-ಬಲ ಕೊಡುವ ಬಗೆ

ಡ್ರಮ್ಸ್ ಮಿಕ್ಸಿಂಗಿಗೆ, ಅಂದರೆ ಬೇರೆ ಬೇರೆ ಟ್ರ್ಯಾಕುಗಳನ್ನು ಹದವಾಗಿ ಸೇರಿಸುವ ಕೆಲಸಕ್ಕೆ, ಬಂದಾಗ ಕೈಗೆ ಸಿಗೋದು ಸಾಮಾನ್ಯವಾಗಿ ಬರೀ ಮೋನೋ (ಎಡ-ಬಲ ಇಲ್ಲದ, ಒಂದೇ ವಾಹಿನಿಯ) ಫೈಲುಗಳು. ಮೈಸೂರಿನ ಹುಡುಗರ ಬ್ಯಾಂಡೊಂದು ಕಳಿಸಿದ ಹಾಡಿನಲ್ಲೂ ಹಾಗೇ ಇತ್ತು. ಕಿಕ್ಕಿಗೆ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಒಂದು ಮೈಕು, ಸ್ನೇರಿಗೆ (ಚುರುಕು ಸದ್ದಿನ ಚಿಕ್ಕ ಡ್ರಮ್) ಮೇಲೊಂದು ಕೆಳಗೊಂದು, ಹೈ-ಹ್ಯಾಟಿಗೆ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್) ಒಂದು, ರ‍್ಯಾಕ್ ಟಾಮಿಗೆ (ಕಿಕ್ಕಿನ ಮೇಲ್ಗಡೆ ಕೂರುವ ಡ್ರಮ್) ಒಂದು, ಫ್ಲೋರ್ ಟಾಮಿಗೆ (ನೆಲದ ಮೇಲೆ ನಿಲ್ಲುವ ಡ್ರಮ್) ಒಂದು, ಇಡೀ ಡ್ರಮ್ ಸೆಟ್ಟನ್ನು (ಕಿಟ್) ಹಿಡಿಯಲು ತಲೆಯ ಮೇಲೆ ಎರಡು ಓವರ್‌ಹೆಡ್. ಒಟ್ಟು ಎಂಟು ಟ್ರ್ಯಾಕ್. ಹಾಗೇ ಪ್ಲೇ ಮಾಡಿದರೆ ಎಂಟೂ ನಟ್ಟನಡುವೆ ಒಂದರ ಮೇಲೊಂದು ಕೂತಿರುತ್ತವೆ.

ಪ್ಯಾನ್ (ಸದ್ದನ್ನು ಎಡಕ್ಕೋ ಬಲಕ್ಕೋ ಸರಿಸುವ ಗುಂಡಿ) ಮುಟ್ಟುವ ಮೊದಲು ಒಂದು ತೀರ್ಮಾನ ಬೇಕು. ಕೇಳುಗ ಎಲ್ಲಿ ಕೂತಿದ್ದಾನೆ? ಡ್ರಮ್ಮರ್ ಜಾಗದಲ್ಲೋ, ಎದುರಿನ ಕುರ್ಚಿಯಲ್ಲೋ? ಬಲಗೈ ಡ್ರಮ್ಮರಿಗೆ ಹೈ-ಹ್ಯಾಟ್ ಎಡಕ್ಕಿರುತ್ತದೆ, ಫ್ಲೋರ್ ಟಾಮ್ ಬಲಕ್ಕೆ. ಎದುರು ಕೂತವನಿಗೆ ಇದು ಪೂರ್ತಿ ತಿರುಗಾಮುರುಗಾ. ಎರಡೂ ಸರಿಯೇ. ಈ ಹಾಡಿಗೆ ವಿಡಿಯೋ ಕೂಡ ಇತ್ತು, ಅದಕ್ಕೆ ಎದುರಿನ ನೋಟವನ್ನೇ ಆರಿಸಿಕೊಂಡೆ. ತೆರೆಯ ಮೇಲೆ ಕೋಲು ಎಡಗಡೆ ಬೀಳುವಾಗ ಸದ್ದು ಬಲಗಡೆ ಬಂದರೆ ನೋಡುವವರಿಗೆ ಏನೋ ಇರುಸುಮುರುಸು.

ಇನ್ನು ಕೆಲಸದ ಮುಖ್ಯ ಭಾಗ. ನಾನು ಯಾವಾಗಲೂ ಓವರ್‌ಹೆಡ್ಡಿನಿಂದಲೇ ಶುರು ಮಾಡುತ್ತೇನೆ. ಉಳಿದ ಆರನ್ನೂ ಮ್ಯೂಟ್ ಮಾಡಿ, ಎರಡು ಓವರ್‌ಹೆಡ್ಡನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸುತ್ತೇನೆ. ಆಮೇಲೆ ಪರದೆ ನೋಡದೆ ಸುಮ್ನೆ ಕೇಳುತ್ತೇನೆ. ಇಡೀ ಕಿಟ್ಟಿನ ನಕ್ಷೆ ಈ ಎರಡೇ ಟ್ರ್ಯಾಕಿನಲ್ಲಿ ಆಗಲೇ ಇರುತ್ತದೆ. ಫ್ಲೋರ್ ಟಾಮ್ ಎಷ್ಟು ಎಡಕ್ಕಿದೆ, ಕ್ರ್ಯಾಶ್ ಸಿಂಬಲ್ ಎಲ್ಲಿಂದ ಸಿಡಿಯುತ್ತದೆ, ಸ್ನೇರ್ ನಡುವೆ ಇದೆಯೋ ಇಲ್ಲವೋ ಎಲ್ಲವನ್ನೂ ಅವೇ ಹೇಳುತ್ತವೆ. ಹತ್ತಿರದ ಮೈಕುಗಳು ಆ ನಕ್ಷೆಯನ್ನು ಹಿಂಬಾಲಿಸಬೇಕು. ಅನೇಕರು ಉಲ್ಟಾ ಮಾಡುತ್ತಾರೆ: ಟಾಮ್ 50 ಎಡಕ್ಕೆ, ಹೈ-ಹ್ಯಾಟ್ 70 ಬಲಕ್ಕೆ ಅಂತ ಮೊದಲೇ ಅಂಕಿ (0 ನಟ್ಟನಡುವೆ, 100 ಪೂರ್ತಿ ಬದಿ) ಹಾಕಿ, ಕೊನೆಗೆ ಓವರ್‌ಹೆಡ್ ಸೇರಿಸುತ್ತಾರೆ. ಆಗ ಒಂದೇ ಟಾಮ್ ಎರಡು ಕಡೆಯಿಂದ ಕೇಳಿಸುತ್ತದೆ, ಅದರ ಏಟು ಹರಡಿ ಮಂಕಾಗುತ್ತದೆ.

ಈ ಹಾಡಿನ ಓವರ್‌ಹೆಡ್ಡಿನಲ್ಲಿ ಸ್ನೇರ್ ಸ್ವಲ್ಪ ಬಲಕ್ಕೆ ವಾಲಿತ್ತು. ಕಾರಣ ಸರಳ. ಒಂದು ಮೈಕು ಸ್ನೇರಿಗೆ ಹತ್ತಿರ, ಇನ್ನೊಂದು ದೂರ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ 34 ಸೆಂಟಿಮೀಟರಿಗೆ 1 ಮಿಲಿಸೆಕೆಂಡ್. ಅಷ್ಟು ಕಡಿಮೆ ವ್ಯತ್ಯಾಸವೂ ಕಿವಿಗೆ ಸಾಕು. ಮೊದಲು ತಲುಪಿದ ಕಡೆಗೇ ಅದು ವಾಲುತ್ತದೆ. ರೆಕಾರ್ಡಿಂಗ್ ವೇಳೆಯಲ್ಲೇ ಟೇಪ್ ಹಿಡಿದು ಸ್ನೇರಿನಿಂದ ಎರಡೂ ಓವರ್‌ಹೆಡ್ಡಿಗೆ ಒಂದೇ ಅಳತೆ ಇಟ್ಟರೆ ಈ ಪ್ರಶ್ನೆಯೇ ಬರುವುದಿಲ್ಲ. ನಾನೇ ರೆಕಾರ್ಡ್ ಮಾಡುವಾಗ ಆ ಅಳತೆ ತಪ್ಪಿಸುವುದಿಲ್ಲ. ಇಲ್ಲಿ ಫೈಲು ಆಗಲೇ ಬಂದಿತ್ತಲ್ಲ, ಹಾಗಾಗಿ ಅಲೆಯನ್ನು ದೊಡ್ಡದು ಮಾಡಿ ನೋಡಿದೆ. ತಡವಾಗಿ ಬಂದ ಟ್ರ್ಯಾಕನ್ನು 28 ಸ್ಯಾಂಪಲ್ (ಡಿಜಿಟಲ್ ಸದ್ದಿನ ಅತಿ ಚಿಕ್ಕ ತುಣುಕು) ಮುಂದಕ್ಕೆ ಎಳೆದಾಗ ಸ್ನೇರ್ ನಡುವಿಗೆ ಬಂತು. ಸೆಕೆಂಡಿಗೆ 48,000 ಸ್ಯಾಂಪಲ್ ಇರುವ 48 ಕಿಲೋಹರ್ಟ್ಸ್ ಫೈಲಿನಲ್ಲಿ ಅದು ಸುಮಾರು 20 ಸೆಂಟಿಮೀಟರ್ ದೂರಕ್ಕೆ ಸಮ. ಅದೇ ಹೊತ್ತಿಗೆ ಸ್ನೇರಿನ ಕೆಳಗಿನ ಮೈಕಿನ ಫೇಸ್ ತಿರುಗಿಸಿದೆ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡಿದೆ. ಮೇಲಿನ ಚರ್ಮ ಕೆಳಕ್ಕೆ ಹೋಗುವಾಗ ಮೇಲಿನ ಮೈಕಿಗೆ ಅದು ದೂರ ಸರಿಯುತ್ತದೆ, ಕೆಳಗಿನ ಚರ್ಮ ತನ್ನ ಮೈಕಿನ ಕಡೆಗೇ ಬರುತ್ತದೆ. ತಿರುಗಿಸದೆ ಬಿಟ್ಟರೆ ಎರಡೂ ಒಂದನ್ನೊಂದು ಕತ್ತರಿಸಿ ಸ್ನೇರ್ ತೆಳ್ಳಗಾಗುತ್ತದೆ.

ಕಿಕ್ ಮತ್ತು ಸ್ನೇರ್ ಎರಡೂ ನಡುವೆ. ಇದರಲ್ಲಿ ಚರ್ಚೆಯೇ ಬೇಡ ಅನ್ನುವಷ್ಟು ನನಗೆ ಖಚಿತ. ಹಾಡಿನ ತೂಕ ಹೊರುವುದು ಇವು ಮತ್ತು ಬೇಸ್ ಗಿಟಾರ್; ಆ ಶಕ್ತಿಯನ್ನು ಎರಡೂ ಸ್ಪೀಕರ್ ಹಂಚಿಕೊಳ್ಳಬೇಕು. ತಳದ ಸದ್ದು ಒಂದೇ ಬದಿಗಿದ್ದರೆ ಗ್ರಾಮಫೋನ್ ತಟ್ಟೆಯಲ್ಲಿ ಮುಳ್ಳು ಹಾರುವ ಅಪಾಯವೂ ಇತ್ತು. ಹಾಗಾದರೆ 1960ರ ದಶಕದ ಕೆಲವು ರಾಕ್ ಹಾಡುಗಳಲ್ಲಿ ಡ್ರಮ್ಸ್ ಪೂರ್ತಿ ಒಂದೇ ಕಿವಿಯಲ್ಲಿ ಯಾಕೆ? ಆಗ ಹೆಚ್ಚಿನ ಕಡೆ ಟೇಪಿನಲ್ಲಿ ಇದ್ದದ್ದೇ ಎರಡರಿಂದ ನಾಲ್ಕು ಟ್ರ್ಯಾಕ್. ಡ್ರಮ್ಸ್, ಬೇಸ್, ಕೆಲವೊಮ್ಮೆ ಗಿಟಾರ್ ಕೂಡ ಒಂದೇ ಟ್ರ್ಯಾಕಿಗೆ ಸೇರಿಬಿಡುತ್ತಿದ್ದವು. ಸ್ಟೀರಿಯೋ ಮಾಡುವಾಗ ಆ ಗುಂಪನ್ನು ಒಟ್ಟಿಗೇ ಒಂದು ಬದಿಗೆ ಸರಿಸುವುದು ಬಿಟ್ಟರೆ ಹೆಚ್ಚು ದಾರಿ ಇರಲಿಲ್ಲ.

ಈಗ ಟಾಮ್. ರ‍್ಯಾಕ್ ಟಾಮನ್ನು ನಿಧಾನವಾಗಿ ಏರಿಸುತ್ತಾ ಪ್ಯಾನ್ ತಿರುಗಿಸಿದೆ. ಓವರ್‌ಹೆಡ್ಡಿನಲ್ಲಿ ಅದು ಕೇಳಿಸುತ್ತಿದ್ದ ಜಾಗ ಸಿಕ್ಕಾಗ ಏಟು ಥಟ್ಟನೆ ಗಟ್ಟಿಯಾಯಿತು. ನಿಂತದ್ದು ಬಲಕ್ಕೆ 20ರ ಆಸುಪಾಸು. ಫ್ಲೋರ್ ಟಾಮ್ ಎಡಕ್ಕೆ 55. ಪೂರ್ತಿ 100ಕ್ಕೆ ಒಯ್ಯಬಹುದು, ಆದರೆ ಹೆಡ್‌ಫೋನಿನಲ್ಲಿ ಒಂದು ರೋಲ್ ಬಂದರೆ ಸದ್ದು ಒಂದು ಕಿವಿಯಿಂದ ಇನ್ನೊಂದಕ್ಕೆ ನೆಗೆದಂತಾಗುತ್ತದೆ. ಕಿಟ್ಟಿನ ಅಗಲ ಐದಾರು ಅಡಿ, ಅದನ್ನು ಇಡೀ ಕೋಣೆಯಷ್ಟು ಹಿಗ್ಗಿಸುವುದು ನನಗೆ ಹಿಡಿಸದು. ಮೃದಂಗವನ್ನು ಎರಡು ಮೈಕಿನಲ್ಲಿ ಹಿಡಿದಾಗಲೂ ಇದೇ ಲೆಕ್ಕ. ಎರಡು ಮುಖಗಳನ್ನು ಎಡಕ್ಕೂ ಬಲಕ್ಕೂ 15-20ಕ್ಕಿಂತ ಜಾಸ್ತಿ ಬಿಡಿಸುವುದಿಲ್ಲ. ಅದು ಒಬ್ಬರ ಮಡಿಲಲ್ಲಿ ಇರುವ ವಾದ್ಯ ಅಲ್ವಾ?

ಟಾಮ್ ಮೈಕಿನಲ್ಲಿ ಇನ್ನೊಂದು ಸಂಗತಿ ಇದೆ. ಟಾಮ್ ಬಾರಿಸದೆ ಇರುವಾಗಲೂ ಅದು ಸಿಂಬಲ್ ಸದ್ದು ಕುಡಿಯುತ್ತಲೇ ಇರುತ್ತದೆ. ಆ ಟ್ರ್ಯಾಕನ್ನು ಎಡಕ್ಕೆ ಸರಿಸಿದರೆ ಅದರೊಳಗಿನ ಸಿಂಬಲ್ ಕೂಡ ಎಡಕ್ಕೆ ಎಳೆಯುತ್ತದೆ, ಓವರ್‌ಹೆಡ್ ಕೊಟ್ಟ ಚಿತ್ರ ಕೆಡುತ್ತದೆ. ಗೇಟ್ (ಮೆಲು ಸದ್ದನ್ನು ತಾನಾಗಿ ಮುಚ್ಚುವ ಸಾಧನ) ಹಾಕಿದರೆ ಮೆಲುವಾದ ಏಟುಗಳು ನುಂಗಿಹೋಗುವುದುಂಟು. ಅದಕ್ಕೇ ನಾನು ಟಾಮ್ ಟ್ರ್ಯಾಕನ್ನು ಕೈಯಾರೆ ಕತ್ತರಿಸುತ್ತೇನೆ: ಏಟು ಇರುವ ಕಡೆ ಇಟ್ಟು, ಬಾಲವನ್ನು ಫೇಡ್ ಮಾಡಿ, ಉಳಿದದ್ದನ್ನು ತೆಗೆದುಹಾಕುತ್ತೇನೆ. ಬೇಸರದ ಕೆಲಸವೇ. ಆದರೆ ಡ್ರಮ್ಸಿನ ಎಡ-ಬಲ ಸ್ಪಷ್ಟವಾಗುವುದರಲ್ಲಿ ಇದರ ಪಾಲು ಪ್ಯಾನ್ ಗುಂಡಿಯಷ್ಟೇ ದೊಡ್ಡದು.

ಹೈ-ಹ್ಯಾಟ್ ಮೈಕನ್ನು ಈ ಹಾಡಿನಲ್ಲಿ ಬಳಸಲೇ ಇಲ್ಲ. ಓವರ್‌ಹೆಡ್ಡಿನಲ್ಲೂ ಸ್ನೇರ್ ಮೈಕಿನಲ್ಲೂ ಅದು ಬೇಕಾದಷ್ಟಿತ್ತು. ಬಲಕ್ಕೆ ಹೈ-ಹ್ಯಾಟ್ ಇದ್ದದ್ದರಿಂದ ಅಕೂಸ್ಟಿಕ್ ಗಿಟಾರನ್ನು ಎಡಕ್ಕಿಟ್ಟೆ. ಎರಡೂ ಚುರುಕು ಸದ್ದು ಒಂದೇ ಬದಿಗೆ ಸೇರಿದರೆ ಮಿಕ್ಸ್ ಅತ್ತಲೇ ಜಗ್ಗುತ್ತದೆ.

ಕೊನೆಗೆ ಮೋನೋ ಗುಂಡಿ ಒತ್ತಿ ಕೇಳುವುದು. ಮದುವೆ ಮಂಟಪ, ಗಣೇಶನ ಪೆಂಡಾಲಿನ ಸೌಂಡ್, ಚಿಕ್ಕ ಬ್ಲೂಟೂತ್ ಸ್ಪೀಕರ್, ಎಷ್ಟೋ ಕಡೆ ಹಾಡು ಮೋನೋದಲ್ಲೇ ಓಡುತ್ತದೆ. ಸಾಫ್ಟ್‌ವೇರಿನ ಪ್ಯಾನ್ ಲಾ (ನಡುವಿನ ಸದ್ದನ್ನು ಪ್ರತಿ ಬದಿಯಲ್ಲಿ ಎಷ್ಟು ತಗ್ಗಿಸಬೇಕೆಂಬ ನಿಯಮ) ಮೈನಸ್ 3 ಡೆಸಿಬೆಲ್ ಇದ್ದರೆ, ಪೂರ್ತಿ ಬದಿಗೆ ಸರಿಸಿದ ಟ್ರ್ಯಾಕ್ ಮೋನೋದಲ್ಲಿ ನಡುವಿನವಕ್ಕಿಂತ 3 ಡೆಸಿಬೆಲ್ ಕುಗ್ಗುತ್ತದೆ. ಸಿಂಬಲ್ ಸ್ವಲ್ಪ ಹಿಂದೆ ಸರಿದದ್ದು ಅದರಿಂದಲೇ. ಅಷ್ಟು ಪರವಾಗಿಲ್ಲ, ಆದರೆ ಸ್ನೇರ್ ಟೊಳ್ಳಾದರೆ ಮತ್ತೆ ಫೇಸ್ ನೋಡಬೇಕು. ಇಲ್ಲಿ ಗಟ್ಟಿಯಾಗೇ ಉಳಿಯಿತು.

ಕೆಲವರ ಹತ್ತಿರ ಇಡೀ ಡ್ರಮ್ಸಿಗೆ ಒಂದೇ ಮೋನೋ ಫೈಲ್ ಇರುತ್ತದೆ. ಅದನ್ನು ಕಾಪಿ ಮಾಡಿ, ಒಂದನ್ನು 10 ಮಿಲಿಸೆಕೆಂಡ್ ತಡಮಾಡಿ, ಎಡ-ಬಲಕ್ಕೆ ಹಾಕುವ ಉಪಾಯ ಹೇಳುವವರು ಬಹಳ. ಹೆಡ್‌ಫೋನಿನಲ್ಲಿ ಅಗಲವಾಗಿಯೇ ಕೇಳಿಸುತ್ತದೆ. ಮೋನೋ ಮಾಡಿದ ಕೂಡಲೇ 50 ಹರ್ಟ್ಸ್, 150, 250 ಹೀಗೆ ಸಾಲಾಗಿ ಸದ್ದು ಕತ್ತರಿಸಿಹೋಗುತ್ತದೆ. ಕಿಕ್ಕಿನ ತಳವೇ ಮಾಯ. ಅಂಥ ಫೈಲ್ ಬಂದರೆ ನಾನು ಡ್ರಮ್ಸನ್ನು ನಡುವೆಯೇ ಬಿಟ್ಟು, ಚಿಕ್ಕ ಕೋಣೆಯ ಸ್ಟೀರಿಯೋ ರಿವರ್ಬ್ (ಕೋಣೆಯ ಅನುರಣನ) ಒಂದನ್ನು ತುಸುವೇ ಸೇರಿಸಿ, ಗಿಟಾರು-ಕೀಬೋರ್ಡನ್ನು ಎಡ-ಬಲಕ್ಕೆ ಹಂಚುತ್ತೇನೆ.