ಟೀಚರ್ ಹತ್ತಿರ ಹೋಗುವ ಮುಂಚೆ ಒಂದು ಹಾಳೆ ಬರೆದಿಟ್ಟುಕೊಳ್ಳಿ

ಪೋಷಕರ ಸಭೆಯಲ್ಲಿ "ನಮ್ಮ ಮಗಳು ಹೇಗೆ ಓದ್ತಾಳೆ ಮಿಸ್?" ಅಂತ ಕೇಳಿದರೆ "ಪರವಾಗಿಲ್ಲ, ಇನ್ನೂ ಸ್ವಲ್ಪ ಓದಬೇಕು" ಅನ್ನೋ ಉತ್ತರವೇ ಬರುತ್ತದೆ. ಎರಡು ವರ್ಷ ನಾನೂ ಅದನ್ನೇ ಕೇಳಿಕೊಂಡು ಸುಮ್ನೆ ಮನೆಗೆ ಬಂದೆ.

ಈಗ ಸಭೆಗೆ ಎರಡು ವಾರ ಮುಂಚಿನಿಂದ, ಅವಳು ಎಲ್ಲಿ ತಡವರಿಸುತ್ತಾಳೆ ಅಂತ ಬರೆದಿಡುತ್ತೇನೆ. "ಗಣಿತ ಬರಲ್ಲ" ಅಂತಲ್ಲ. "ಕೂಡೋದು ಸರಿ, ದಶಕ ತೆಗೆದುಕೊಂಡು ಕಳೆಯೋದು ತಪ್ಪುತ್ತದೆ", "ಒತ್ತಕ್ಷರ ಬಂದ ಕಡೆ ನಿಲ್ಲುತ್ತಾಳೆ", ಹೀಗೆ. ಜೊತೆಗೆ ನೋಟ್‌ಬುಕ್ಕಿನ ಎರಡು ಪುಟ ತೋರಿಸುತ್ತೇನೆ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಇಷ್ಟೆಲ್ಲ ಟೀಚರ್ ಕಣ್ಣಿಗೆ ಬೀಳೋದು ಕಷ್ಟ ಅಲ್ವಾ? ಆಮೇಲೆ ಕೇಳೋದು ಇಷ್ಟೇ: ಮನೆಯಲ್ಲಿ ನಾನೇನು ಮಾಡಲಿ, ಶಾಲೆಯಲ್ಲಿ ನೀವೇನು ಮಾಡ್ತೀರಿ, ಮತ್ತೆ ಯಾವತ್ತು ಬರಲಿ? ಆ ದಿನಾಂಕವನ್ನು ಡೈರಿಯಲ್ಲಿ ಬರೆಸಿಕೊಳ್ಳಿ.

ಸಂಕೋಚ ಬೇಡ. ಪ್ರತಿ ಮಗುವಿನ ಕಲಿಕೆ ಗಮನಿಸಿ ಬೇಕಾದಲ್ಲಿ ಹೆಚ್ಚುವರಿ ಪಾಠ ಹೇಳುವುದು, ಪೋಷಕರನ್ನು ಆಗಾಗ ಕರೆದು ಮಾತಾಡುವುದು ಶಿಕ್ಷಕರ ಕೆಲಸ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಹಾಗಂತ ಸೆಕ್ಷನ್ ಹೇಳಿಕೊಂಡು ಒಳಗೆ ಹೋಗಬೇಡಿ, ಮಾತು ಅಲ್ಲೇ ಕೆಡುತ್ತದೆ.

ಮೂರನೇ ಕ್ಲಾಸ್ ದಾಟಿದರೂ ಓದು ಹಿಡಿಯುತ್ತಿಲ್ಲವಾದರೆ ಸೋಮಾರಿ ಅಂತ ಬೈಯಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ನಂತರ ಕಲಿಕಾ ನ್ಯೂನತೆಯ (ಬುದ್ಧಿ ಇದ್ದರೂ ಓದು, ಬರಹ ಅಥವಾ ಲೆಕ್ಕ ಹಿಡಿಯದ ತೊಂದರೆ) ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ನ್ಯೂನತೆಯೂ ಸೇರಿದೆ. ಶಾಲೆಯ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಲು ಈ ನ್ಯೂನತೆ ಇದೆ ಎಂಬ ಪ್ರಮಾಣಪತ್ರ ಬೇಕಾಗುತ್ತದೆ. ಎಸ್ಎಸ್ಎಲ್‌ಸಿ ಹತ್ತಿರ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ.