ಕ್ಯೂಬ್ ಗೆದ್ದಿತು, ಬೀಮ್ ಸೋತಿತು

ಒಂದು ಗೋಡೌನ್ ನೆಲಕ್ಕೆ ಸ್ಟೀಲ್ ಫೈಬರ್ ಕಾಂಕ್ರೀಟಿನ ಮಿಕ್ಸ್ ಮಾಡಿಕೊಡುವ ಕೆಲಸ ಬಂದಿತ್ತು. ಫೋರ್ಕ್‌ಲಿಫ್ಟ್ ಓಡಾಡುವ ನೆಲ. ಇಂಥ ಕಡೆ ಬಿರುಕು ಬಿಟ್ಟ ಮೇಲೂ ಎಷ್ಟು ಭಾರ ತಡೆಯುತ್ತದೆ ಅನ್ನುವುದೇ ಮುಖ್ಯ. ಟಫ್‌ನೆಸ್ ಅಂದರೆ ಅದೇ ಅಲ್ವಾ?

ಫೈಬರ್ ಅಂದರೆ ಸಣ್ಣ ಉಕ್ಕಿನ ತಂತಿ ತುಂಡು, 60 ಮಿ.ಮೀ. ಉದ್ದ, 0.75 ಮಿ.ಮೀ. ದಪ್ಪ, ಎರಡೂ ತುದಿಗೆ ಕೊಕ್ಕೆ. ಘನ ಮೀಟರಿಗೆ 39 ಕೆ.ಜಿ., ಅಂದರೆ ಗಾತ್ರದ ಲೆಕ್ಕದಲ್ಲಿ ಅರ್ಧ ಪರ್ಸೆಂಟ್. ಮೂರು ಮಿಕ್ಸ್ ಮಾಡಿದೆ: ಒಂದು ಬರೀ ಸಿಮೆಂಟ್, ಇನ್ನೊಂದರಲ್ಲಿ ಸಿಮೆಂಟಿನ 10 ಪರ್ಸೆಂಟ್ ಜಾಗಕ್ಕೆ ಸಿಲಿಕಾ ಫ್ಯೂಮ್, ಮತ್ತೊಂದರಲ್ಲಿ 30 ಪರ್ಸೆಂಟ್ ಜಾಗಕ್ಕೆ ಫ್ಲೈ ಆಶ್, ಅಂದರೆ ಕಲ್ಲಿದ್ದಲು ಸುಟ್ಟ ಹಾರುಬೂದಿ.

ಅದುಮಿ ಬಲ ನೋಡುವ ಕಾಂಕ್ರೀಟ್ ಕ್ಯೂಬ್‌ಗಳಲ್ಲಿ ಸಿಲಿಕಾ ಫ್ಯೂಮಿನದ್ದು ನೋಡಿ ಖುಷಿಯೋ ಖುಷಿ. ಅದು ಸಿಮೆಂಟಿಗಿಂತ ಸುಮಾರು ನೂರು ಪಟ್ಟು ನುಣ್ಣಗಿನ ಪುಡಿ, ಫೈಬರ್ ಸುತ್ತ ಉಳಿಯುವ ಸಣ್ಣ ಸಂದನ್ನೂ ತುಂಬಿಬಿಡುತ್ತದೆ. ಆಮೇಲೆ 150×150×500 ಮಿ.ಮೀ. ಬೀಮ್‌ಗಳನ್ನು 450 ಮಿ.ಮೀ. ಅಂತರದ ಎರಡು ಆಧಾರಗಳ ಮೇಲಿಟ್ಟು 3 ಮಿ.ಮೀ. ಬಾಗುವ ತನಕ ಲೋಡ್ ಕೊಟ್ಟೆ. ಸಿಲಿಕಾ ಬೀಮ್ ಎಲ್ಲಕ್ಕಿಂತ ಜಾಸ್ತಿ ಭಾರ ಹೊತ್ತು, ಬಿರುಕು ಬಿಟ್ಟದ್ದೇ ತಡ, ಟಪ್ ಟಪ್ ಅಂತ ಸದ್ದು ಮಾಡುತ್ತಾ ದಡಕ್ಕನೆ ಕುಸಿಯಿತು. ಮುರಿದ ಮೈ ನೋಡಿದರೆ ಹಲವು ಫೈಬರ್ ಕತ್ತರಿಸಿದ ಹಾಗೆ ತುಂಡಾಗಿದ್ದವು, ಕೊಕ್ಕೆ ಒಳಗೇ ಗಟ್ಟಿಯಾಗಿ ಕೂತಿತ್ತು. ಬರೀ ಸಿಮೆಂಟಿನ ಬೀಮಿನಲ್ಲಿ ಕೊಕ್ಕೆ ನೆಟ್ಟಗಾಗಿ ಫೈಬರ್ ಪೂರ್ತಿ ಹೊರಗೆ ಬಂದಿತ್ತು. ಹಾಗೆ ಎಳೆದು ಎಳೆದು ಬರುವಾಗಲೇ ಅದು ಶಕ್ತಿ ತಿನ್ನುವುದು. ಹಿಡಿತ ಜಾಸ್ತಿಯಾಗಿ ಫೈಬರೇ ತುಂಡಾದರೆ ಆ ಲಾಭ ಹೋಯಿತು. ನನ್ನ ತಪ್ಪೂ ಇತ್ತು ಅನ್ನಿ, ಸಿಲಿಕಾ ಜೊತೆ ನೀರನ್ನೂ ಇಳಿಸಿ ಕಾಂಕ್ರೀಟನ್ನು ಇನ್ನಷ್ಟು ಬಿಗಿ ಮಾಡಿದ್ದೆ.

ಫ್ಲೈ ಆಶ್ 28 ದಿನಕ್ಕೆ ಸಪ್ಪೆ. ಅದು ನಿಧಾನಕ್ಕೆ ಗಟ್ಟಿಯಾಗುವ ಸರಕು, ಅದಕ್ಕೇ 56 ದಿನದ ಬೀಮ್‌ಗಳನ್ನೂ ಇಟ್ಟುಕೊಂಡಿದ್ದೆ. ಅವು ಮೆಲ್ಲಗೆ ಬಾಗಿದವು, ಲೋಡ್ ಒಮ್ಮೆಲೇ ಬೀಳಲಿಲ್ಲ. ಮಿಕ್ಸರಿನಲ್ಲೂ ಹಗುರಾಗಿ ತಿರುಗುತ್ತಿತ್ತು. ಸಿಲಿಕಾದ್ದು ಅಂಟಂಟಾಗಿ ಫೈಬರ್ ಉಂಡೆ ಕಟ್ಟಿತ್ತು, ಬಿಡಿಸಲು ಹೋಗಿ ಬೆರಳೆಲ್ಲ ಚುಚ್ಚಿಸಿಕೊಂಡೆ.

ಕೊನೆಗೆ ಆರಿಸಿದ ಮಿಕ್ಸಿನಲ್ಲಿ 5 ಪರ್ಸೆಂಟ್ ಸಿಲಿಕಾ, 20 ಪರ್ಸೆಂಟ್ ಫ್ಲೈ ಆಶ್, ನೀರು ಮೊದಲಿನಷ್ಟೇ. ಸೈಟಿನವರು ಕ್ಯೂಬ್ ರಿಪೋರ್ಟ್ ಮಾತ್ರ ಕೇಳಿದರು, ನಾನು ಎರಡು ಮುರಿದ ಬೀಮ್ ತುಂಡುಗಳನ್ನೂ ಟೇಬಲ್ ಮೇಲಿಟ್ಟೆ. ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಡುವುದು, ಏಳು ದಿನ ಸಾಕು ಅಂತ ಅವರದ್ದು. ಬೂದಿ ಬೆರೆಸಿದ ಕಾಂಕ್ರೀಟಿಗೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವುದೇ ಕನಿಷ್ಠ 10 ದಿನ. ಜಗಳ ಮಾಡಿ 14 ದಿನ ಗೋಣಿಚೀಲ ಹೊದಿಸಿ ನೀರು ಹಾಕಿಸಿದೆ.