ಪೌಂಡ್ ಅಂದರೆ ‘ನ’

ಬದಿಯಡ್ಕದ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ನಾನು ಮಾಷ್ಟ್ರು. ಕಣ್ಣು ಕಾಣುವುದಿಲ್ಲ, ಕಂಪ್ಯೂಟರಿನ ಪರದೆಯಲ್ಲಿರುವುದನ್ನು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶ ಓದಿ ಹೇಳುತ್ತದೆ. ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಓಸಿಆರ್ ಇಂಥ ಸ್ಕ್ರೀನ್ ರೀಡರಿನೊಳಗೇ ಯಾಕೆ, ಬೇರೆ ತಂತ್ರಾಂಶ ಇಟ್ಟುಕೊಂಡರಾಯಿತಲ್ಲ ಎನ್ನುವ ಗೆಳೆಯರಿದ್ದಾರೆ. ಮೊದಲು ನಾನೂ ಹಾಗೇ ಹೇಳುತ್ತಿದ್ದೆ.

ಒಮ್ಮೆ ಪ್ರಶ್ನೆಪತ್ರಿಕೆಯ ಪಿಡಿಎಫ್ ಬಂತು. ಸ್ಕ್ಯಾನ್ ಅಲ್ಲ, ಟೈಪ್ ಮಾಡಿದ್ದೇ. ಬಾಣದ ಕೀಲಿ ಒತ್ತುತ್ತಾ ಹೋದರೆ ‘ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್...’ ಫೈಲ್ ಹಾಳಾಗಿದೆ ಅಂದುಕೊಂಡೆ. ಪಕ್ಕದ ಟೀಚರ್ ಇಣುಕಿ, “ಸರಿಯೇ ಇದೆಯಲ್ಲ ಮಾಷ್ಟ್ರೇ, ‘ಕನ್ನಡ’ ಅಂತ ಚಂದ ಕಾಣ್ತದೆ” ಅಂದರು. ಹಳೆಯ ನುಡಿ, ಬರಹ ಫಾಂಟುಗಳ ಮರ್ಮ ಅದು: ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಕಣ್ಣಿಗೆ ‘ಕ’, ಎನ್‌ವಿಡಿಎಗೆ ಪಿ. ಕಣ್ಣಿಗೆ ‘ನ’, ಅದಕ್ಕೆ ಪೌಂಡ್. ಕನ್ನಡವನ್ನು ಕನ್ನಡವಾಗಿಯೇ ಗುರುತಿಸುವ ಯುನಿಕೋಡಿಗೆ ತಿರುಗಿಸುವ ಸಾಧನಗಳಿವೆ ನಿಜ, ಆದರೆ ಪಿಡಿಎಫ್‌ನಿಂದ ನಕಲಿಸುವಾಗಲೇ ಸಾಲು ಕಲಸಿಹೋದರೆ ಅವೂ ಏನು ಮಾಡಿಯಾವು? ಆಕಾರ ನೋಡಿ ಓದುವ ಓಸಿಆರೇ ಗತಿ. ಓಸಿಆರ್ ಬೇಕಾಗುವುದು ಚಿತ್ರಗಳಿಗೆ ಮಾತ್ರ ಎಂಬ ಮಾತು ಕನ್ನಡಕ್ಕೆ ಸಲ್ಲುವುದಿಲ್ಲ ಎಂದು ಆ ದಿನ ತಿಳಿಯಿತು.

ಎನ್‌ವಿಡಿಎಯಲ್ಲಿ ಈ ಸೌಲಭ್ಯ 2017.3 ಆವೃತ್ತಿಯಿಂದಲೇ ಇದೆ. ಇನ್ಸರ್ಟ್ ಹಿಡಿದು ಆರ್ ಒತ್ತಿದರೆ ವಿಂಡೋಸ್‌ನ ಓಸಿಆರ್ ಪರದೆಯಲ್ಲಿ ನಾವಿರುವ ಭಾಗವನ್ನು ಓದಿ, ಬಾಣದ ಕೀಲಿಯಲ್ಲಿ ಓಡಾಡುವಂತೆ ಕೊಡುತ್ತದೆ. ಇಂಟರ್ನೆಟ್ ಬೇಡ. ಎನ್‌ವಿಡಿಎ ಹೆಸರು ಹೇಳಲಾರದ ಮೂಕ ಬಟನ್‌ಗಳ ಇನ್‌ಸ್ಟಾಲರ್ ಎದುರಾದಾಗ ‘ನೆಕ್ಸ್ಟ್’ ಹುಡುಕಿ ಅಲ್ಲೇ ಎಂಟರ್ ಹೊಡೆದರೆ ಕೆಲಸ ಮುಂದುವರಿಯುತ್ತದೆ. ಬೇರೆ ತಂತ್ರಾಂಶಕ್ಕೆ ಹೋದರೆ ಈ ಕ್ಲಿಕ್ ಸಿಗದು. ಒಂದೇ ಎಚ್ಚರ: ಪರದೆ ಕಪ್ಪಾಗಿಸುವ ಸ್ಕ್ರೀನ್ ಕರ್ಟನ್ ತೆಗೆದಿರಬೇಕು. ಬ್ಯಾಂಕಿನ ಲೆಕ್ಕ ನೋಡಲು ಹಾಕಿಕೊಂಡದ್ದನ್ನು ಮರೆತು ಎಷ್ಟು ಸಲ ಎನ್‌ವಿಡಿಎಯಿಂದ ಬೈಸಿಕೊಂಡಿದ್ದೇನೋ.

ಆದರೆ ವಿಂಡೋಸ್‌ನ ಈ ಓಸಿಆರಿಗೆ ಕನ್ನಡವೂ ಬಾರದು, ಮಲಯಾಳವೂ ಬಾರದು. ನಮ್ಮ ಕಾಸರಗೋಡಿನಲ್ಲಿ ಸುತ್ತೋಲೆ ಮಲಯಾಳದಲ್ಲಿ, ಪಾಠ ಕನ್ನಡದಲ್ಲಿ. ಸ್ಕ್ಯಾನ್ ಮಾಡಿದ ಸುತ್ತೋಲೆಗೆ ಇನ್ಸರ್ಟ್-ಆರ್ ಒತ್ತಿದರೆ ಇಂಗ್ಲಿಷಿನ ನಂಬರು ಸರಿ, ಕೆಳಗಿನ ದುಂಡಕ್ಷರವೆಲ್ಲ ‘ಓ, ಎಂ, ಸೊನ್ನೆ, ಓ’.

ಹಾಗಾಗಿ ಟೆಸರಾಕ್ಟ್ ಎಂಬ ಬೇರೆ ಓಸಿಆರ್ ತಂತ್ರಾಂಶ ಹಾಕಿಕೊಂಡೆ. ಉಚಿತವೇ. ಕನ್ನಡ, ಮಲಯಾಳದ ಡೇಟಾ ಫೈಲುಗಳನ್ನು ಬೇರೆಯಾಗಿ ಸೇರಿಸಬೇಕು. ಪುಟಗಳನ್ನು 300 ಡಿಪಿಐ (ಇಂಚಿಗೆ 300 ಚುಕ್ಕಿ) ಚಿತ್ರವಾಗಿಸಿ, ಯಾವ ಭಾಷೆ ಎಂದು ಹೇಳಿ ಓಡಿಸುತ್ತೇನೆ. ಬಂದ ಫೈಲನ್ನು ಎನ್‌ವಿಡಿಎಯ ಇಸ್ಪೀಕ್ ಧ್ವನಿ ಓದುತ್ತದೆ, ಮಲಯಾಳಕ್ಕೆ ಧ್ವನಿ ನಾನೇ ಬದಲಿಸಬೇಕು. ಒತ್ತಕ್ಷರ ಆಗಾಗ ಉದುರುತ್ತದೆ, ‘ಪ’ ‘ವ’ ಆಗುತ್ತದೆ. ಅರ್ಥಕ್ಕೆ ಅಡ್ಡಿಯಿಲ್ಲ. ಗೂಗಲ್ ಡ್ರೈವ್‌ಗೆ ಏರಿಸಿದರೂ ಕನ್ನಡ ಓದಿಸಬಹುದು, ಆದರೆ ಮಕ್ಕಳ ಹೆಸರು, ಅಂಕ ಇರುವ ಹಾಳೆಯನ್ನು ನಾನು ಏರಿಸುವುದಿಲ್ಲ.

ನನಗೆ ಬೇಕಾದ್ದು ಇಷ್ಟೇ: ಇನ್ಸರ್ಟ್-ಆರ್ ಅಲ್ಲೇ ಇರಲಿ, ಒತ್ತಿದಾಗ ಯಾವ ಓಸಿಆರ್ ಓದಬೇಕೆಂಬ ಆಯ್ಕೆ ನನ್ನ ಕೈಗೆ ಸಿಗಲಿ. ಅಲ್ಲಿಯವರೆಗೆ ಐದಾರು ಹೆಜ್ಜೆಯ ಸುತ್ತು. ತಾರೀಕು, ಮೊತ್ತ ಬಂದರೆ ಮಾತ್ರ ಈಗಲೂ ಆಫೀಸಿಗೆ ಹೋಗಿ, “ಇದೊಂದು ಸಾಲು ನೋಡಿ ಹೇಳಿ” ಎನ್ನುತ್ತೇನೆ.